ತಾನೇ ಓಡುವ ವಿಮಾನಕ್ಕೆ ಪೈಲಟ್ ಯಾಕೆ?



ಆಕಾಶದಲ್ಲಿ ವಿಮಾನ ಹೋಗೋದನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ನಡೆಸುವವರಿಗೆ ಪೈಲಟ್ ಅಂತಾರೆ. ಪೈಲಟ್ ಅಂದ್ರೆ ಗಂಡಸೇ ಅಂದ್ಕೋಬೇಡಿ. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ನಮ್ಮ ಬೆಂಗಳೂರಿಗೆ ಒಂದು ವಿಮಾನ ಬಂತು. ಅದರ ನಾಲ್ಕು ಪೈಲಟ್‌ಗಳೂ ಹೆಂಗಸರೇ!

ಈಗಿನ ವಿಮಾನದಲ್ಲಿ ಒಂದು ಯಂತ್ರ ಇರುತ್ತೆ. ಅದರ ಹೆಸರು ಆಟೋಪೈಲಟ್. ದಾರಿ, ಎತ್ತರ, ವೇಗ ಹೇಳಿಕೊಟ್ಟರೆ ಸಾಕು. ಗಂಟೆಗಟ್ಟಲೆ ಅದೇ ವಿಮಾನ ನಡೆಸುತ್ತೆ. ಅದಕ್ಕೆ ದಣಿವಿಲ್ಲ, ನಿದ್ದೆ ಇಲ್ಲ. ಹಾಗಾದ್ರೆ ಪೈಲಟ್ ಯಾಕೆ ಬೇಕು?

ಕೇಳಿ. ವಿಮಾನದ ಹೊರಗೆ ಸಣ್ಣ ಕೊಳವೆಗಳು ಇರುತ್ತವೆ. ಅದರೊಳಗೆ ನುಗ್ಗುವ ಗಾಳಿಯಿಂದ ವೇಗ ಗೊತ್ತಾಗುತ್ತೆ. 2009ರ ಜೂನ್ 1ರ ನಸುಕಿನಲ್ಲಿ ಒಂದು ವಿಮಾನ ಬ್ರೆಜಿಲ್ ದೇಶದಿಂದ ಪ್ಯಾರಿಸ್‌ಗೆ ಹೋಗುತ್ತಿತ್ತು. ಕೆಳಗೆ ಸಮುದ್ರ. ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿತು. ವೇಗ ತಪ್ಪು ತೋರಿಸಿತು. ಆಟೋಪೈಲಟ್ ತಟ್ಟನೆ ಕೆಲಸ ಬಿಟ್ಟಿತು. ಇನ್ನು ನೀವೇ ನೋಡಿಕೊಳ್ಳಿ ಅಂದ ಹಾಗೆ!

ಪೈಲಟ್‌ಗಳು ಗಾಬರಿಯಾದರು. ಅಷ್ಟು ಎತ್ತರದಲ್ಲಿ, ವೇಗ ತಿಳಿಯದೆ, ಕೈಯಲ್ಲೇ ವಿಮಾನ ನಡೆಸುವ ಅಭ್ಯಾಸ ಅವರಿಗೆ ಆಗಿರಲಿಲ್ಲ. ವಿಮಾನದ ಮೂತಿಯನ್ನು ಮೇಲಕ್ಕೆ ಎತ್ತಿದರು. ರೆಕ್ಕೆಗೆ ಗಾಳಿಯ ಆಸರೆ ತಪ್ಪಿತು. ಮಂಜು ಒಂದೇ ನಿಮಿಷದಲ್ಲಿ ಬಿಟ್ಟಿತ್ತು. ಆದರೂ ನಾಲ್ಕೂವರೆ ನಿಮಿಷದೊಳಗೆ ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ 228 ಜನರೂ ಸತ್ತರು.

ಮಿಕ್ಸಿ ಬಂದ ಮೇಲೆ ನಮಗೂ ಒರಳಿನ ರೂಢಿ ತಪ್ಪಿದೆ ಅಲ್ವಾ? ಕರೆಂಟು ಹೋದ ದಿನ ಕೈ ತಡವರಿಸುತ್ತೆ. ನಮಗೆ ಕೆಡೋದು ಒಂದು ಚಟ್ನಿ ಅಷ್ಟೇ. ಈ ಅಪಘಾತದ ನಂತರ ಪೈಲಟ್‌ಗಳಿಗೆ ಕೈಯಲ್ಲಿ ನಡೆಸುವ ಅಭ್ಯಾಸ ಹೆಚ್ಚು ಮಾಡಿಸಿದರು.

ಅದೇ ವರ್ಷ ಜನವರಿ 15ರಂದು ಅಮೆರಿಕದ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಒಂದು ವಿಮಾನ ಆಗಷ್ಟೇ ಮೇಲೆ ಎದ್ದಿತ್ತು. ಹೆಬ್ಬಾತು ಅನ್ನುವ ದೊಡ್ಡ ಹಕ್ಕಿಗಳ ಹಿಂಡು ಬಂದು ಬಡಿಯಿತು. ಎರಡೂ ಎಂಜಿನ್ ಕೆಟ್ಟವು. ಒಳಗೆ 155 ಜನ. ಕೆಳಗೆ ದೊಡ್ಡ ಪಟ್ಟಣ.

ಮುಖ್ಯ ಪೈಲಟ್ ಹೆಸರು ಸಲೆನ್‌ಬರ್ಗರ್. ಜೊತೆಯವರು ಸ್ಕೈಲ್ಸ್. ಇವರು ಪುಸ್ತಕ ತೆಗೆದು ಓದುತ್ತಾ ಎಂಜಿನ್ ಚಾಲೂ ಮಾಡಲು ನೋಡಿದರು. ಆದರೆ ಅದರಲ್ಲಿ ಬರೆದದ್ದು ಬಹಳ ಎತ್ತರದಲ್ಲಿ ಎಂಜಿನ್ ನಿಂತರೆ ಏನು ಮಾಡಬೇಕು ಅಂತ. ಅದೂ ಮೂರು ಪುಟ! ಮೊದಲ ಪುಟ ಓದುವಷ್ಟರಲ್ಲಿ ನೆಲ ಹತ್ತಿರ ಬಂದಿತ್ತು.

ವಾಪಸ್ ನಿಲ್ದಾಣಕ್ಕೆ ಬನ್ನಿ ಅಂದರು ಕೆಳಗಿನವರು. ಸಲೆನ್‌ಬರ್ಗರ್ ಹೊರಗೆ ನೋಡಿದರು. ಅಷ್ಟು ದೂರ ಹೋಗೋಕೆ ಆಗಲ್ಲ ಅಂತ ಅವರಿಗೆ ಗೊತ್ತಾಯ್ತು. ಪಕ್ಕದಲ್ಲಿ ಹಡ್ಸನ್ ನದಿ ಇತ್ತು. ವಿಮಾನವನ್ನು ಅದರ ನೀರಿನ ಮೇಲೇ ಇಳಿಸಿದರು. ಹಕ್ಕಿ ಬಡಿದಾಗಿನಿಂದ ಆದದ್ದು ಬರೀ 208 ಸೆಕೆಂಡು.

ಯಂತ್ರವನ್ನು ಬೈಯೋದು ಬೇಡ. ಇಳಿಯುವಾಗ ಮೂತಿ ಹೆಚ್ಚು ಏಳದಂತೆ ಕಂಪ್ಯೂಟರ್ ತಡೆಯಿತು. ಆದರೆ ನದಿಗೆ ಇಳಿಯೋಣ ಅಂತ ಅದಕ್ಕೆ ಹೊಳೆಯಲಿಲ್ಲ.

155 ಜನರೂ ಬದುಕಿದರು. ನೀರು ಒಳಗೆ ನುಗ್ಗುತ್ತಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ಸಲೆನ್‌ಬರ್ಗರ್ ಒಳಗೆ ಎರಡು ಸಲ ಓಡಾಡಿದರು. ಯಾರಾದ್ರೂ ಉಳಿದಿದ್ದಾರಾ ಅಂತ ನೋಡಿದರು. ಆಮೇಲೆ ತಾವು ಹೊರಗೆ ಬಂದರು.