ಹೆಸರಿಲ್ಲದ ಸುಸ್ತಿನ ಪರವಾಗಿ ಒಂದು ಅರ್ಜಿ

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯ ವೈದ್ಯೆಯೊಬ್ಬರು ಆಡಿದ ಮಾತು)



ನಮ್ಮ ವೈದ್ಯಕೀಯ ನೆರವಿನ ನಿಧಿಗೆ ಬರುವ ಅರ್ಜಿಗಳನ್ನು ನಾನು ಓದಿ ನೋಡುತ್ತೇನೆ. ಹೃದಯದ ಆಪರೇಷನ್, ಡಯಾಲಿಸಿಸ್, ಕ್ಯಾನ್ಸರ್ ಎಂದರೆ ನೀವು ಕೈಬಿಚ್ಚಿ ಕೊಡುತ್ತೀರಿ. ಇವತ್ತು ಹೆಸರಿಲ್ಲದ ತೊಂದರೆಯೊಂದರ ಪರವಾಗಿ ಕೇಳಲು ನಿಂತಿದ್ದೇನೆ. "ಡಾಕ್ಟ್ರೇ, ತಿಂಗಳುಗಟ್ಟಲೆ ಸುಸ್ತು. ಸುಮ್ಮಸುಮ್ಮನೆ ಗಾಬರಿ, ಎದೆ ಡವಡವ. ಏನು ಹೇಳೋಕೆ ಹೊರಟೆ ಅನ್ನೋದೇ ಮರೆತುಹೋಗುತ್ತೆ, ತಲೆಗೆ ಮಂಕು ಕವಿದ ಹಾಗೆ." ಮನೆಯವರು ವಯಸ್ಸು, ಟೆನ್ಷನ್, ಕೋಲ್ಕತ್ತದ ಸೆಕೆ ಎನ್ನುತ್ತಾರೆ. ಸೆಕೆ ನಿಜವೇ. ಡಿಸೆಂಬರಿನಲ್ಲೂ ಹೋಗದ ಸುಸ್ತಿಗೆ ಸೆಕೆಯನ್ನು ದೂರಿ ಏನು ಪ್ರಯೋಜನ?

ಮೊದಲು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ಕರ್ನಾಟಕದಲ್ಲಿ ಸುಮಾರು ಶೇ. 48, ಪಶ್ಚಿಮ ಬಂಗಾಳದಲ್ಲಿ ಸುಮಾರು ಶೇ. 71. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಅದನ್ನು ಫೆರಿಟಿನ್ ಪರೀಕ್ಷೆ ತೋರಿಸುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆ ಎಂದು ಬಂದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು.

ಇನ್ನು ಥೈರಾಯ್ಡ್. ಅದು ಮಂದವಾದರೆ ಸುಸ್ತು, ಮಲಬದ್ಧತೆ, ಮರೆವು, ತೂಕ ಏರುವುದು. ಅತಿಯಾದರೆ ಕೈನಡುಕ, ಎದೆಬಡಿತ, ನಿದ್ದೆ ಬಾರದಿರುವುದು, ಗಾಬರಿ. ಎರಡನೆಯದನ್ನು ಬರೀ ಮನಸ್ಸಿನ ಆತಂಕವೆಂದು ತಿಳಿದು ವರ್ಷಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ. ಟಿಎಸ್‌ಎಚ್ ಎಂಬ ಒಂದು ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿ, ಅದು ಫಲಿತಾಂಶವನ್ನು ಕೆಡಿಸುತ್ತದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕಾಫಿಗೆ ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ಫಿಲ್ಟರ್ ಕಾಫಿಯ ನಮ್ಮ ಜನಕ್ಕೆ ಇದಕ್ಕಿಂತ ಕಠಿಣ ಪಥ್ಯವಿಲ್ಲ, ಗೊತ್ತು.

ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು, ಆದ್ದರಿಂದ ಬಿ12 ಕೊರತೆಯ ಮಾತು. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಿಗೂ, ಗ್ಯಾಸ್ ಎಂದು ದಿನಾ ಮಾತ್ರೆ ನುಂಗುವವರಿಗೂ (ಈ ಊರಿನಲ್ಲಿ ಗ್ಯಾಸ್ ಇಲ್ಲದವರು ಯಾರು!) ಇದು ಬರಬಹುದು. ಪಾದ ಜುಮ್ಮೆನ್ನುವುದು, ನಡೆಯುವಾಗ ತೂರಾಡುವುದು, ಮರೆವು. ಹೆಚ್ಚು ದಿನ ಬಿಟ್ಟರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಇರಬಹುದು. ನನಗೆ ಹೆಚ್ಚು ಚಿಂತೆ ಇದರದೇ.

ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿ ಏಳುವವರು, ಡೆಂಗಿ ಬಂದು ಹೋದಮೇಲೆ ವಾರಗಟ್ಟಲೆ ಸೋತವರು, ಇವರೂ ಇದೇ ಮಾತು ಹೇಳುತ್ತಾರೆ. ಎಲ್ಲ ಪರೀಕ್ಷೆ ಸರಿಯಿದ್ದೂ ಖಿನ್ನತೆಯಿಂದ ಸುಸ್ತಾದವರಿದ್ದಾರೆ. ಅದೂ ಕಾಯಿಲೆಯೇ, ಅದಕ್ಕೂ ಔಷಧವಿದೆ, ಮುಚ್ಚಿಡಬೇಡಿ. ಎದೆನೋವು, ಏದುಸಿರು, ಬಿಡದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಬದುಕೇ ಬೇಡ ಎನ್ನುವ ಯೋಚನೆ ಇದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ.

ಈಗ ನನ್ನ ಕೋರಿಕೆ. ರಾಜ್ಯದ ಸ್ವಾಸ್ಥ್ಯ ಸಾಥಿ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಸುಸ್ತಾದವರು ದಾಖಲಾಗುವುದಿಲ್ಲ, ಮೆಸ್ಸಿನಲ್ಲಿ ಅಡುಗೆ ಮಾಡುತ್ತಾ, ಅಂಗಡಿಯಲ್ಲಿ ನಿಂತು ದುಡಿಯುತ್ತಲೇ ಇರುತ್ತಾರೆ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ, ಖಾಸಗಿ ಲ್ಯಾಬಿಗೆ ಹೋಗಲು ಕೈ ನಡೆಯುವುದಿಲ್ಲ. ನಿಧಿಯಲ್ಲಿ ಒಂದು ಸಣ್ಣ ಪಾಲನ್ನು ರಕ್ತಪರೀಕ್ಷೆಗಳಿಗೆಂದೇ ತೆಗೆದಿಡೋಣ, ಅದಕ್ಕೆ ನಿಮ್ಮ ಕೈಲಾದಷ್ಟು ಕೊಡಿ. ನಮ್ಮ ಅರ್ಜಿಯಲ್ಲಿ "ಕಾಯಿಲೆಯ ಹೆಸರು" ಎಂಬ ಜಾಗವಿದೆ. ಅದನ್ನು ಖಾಲಿ ಬಿಟ್ಟವರ ಅರ್ಜಿಯನ್ನೂ ತೆಗೆದುಕೊಳ್ಳಬೇಕೆಂದು ಕಾರ್ಯದರ್ಶಿಯವರನ್ನು ಈ ಸಭೆಯಲ್ಲೇ ಕೇಳಿಕೊಳ್ಳುತ್ತೇನೆ.