ಸಭೆ ಕರೆಯುವ ಹೊತ್ತು, ಹಾಲು ಕರೆಯುವ ಹೊತ್ತು

(ಗ್ರಾಮವೊಂದರ ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ, ಅದೇ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯವರು ಮಾಡಿದ ಭಾಷಣ. ಇತರ ಸಂಘಗಳ ಸದಸ್ಯರಿಗೂ ಉಪಯೋಗವಾಗಲೆಂದು ಇಲ್ಲಿ ಪ್ರಕಟಿಸಿದೆ. - ಸಂ.)



ಲೆಕ್ಕಪತ್ರ ಓದಿ ಮುಗಿದು, ಈ ಸಲ ಬೋನಸ್ ಎಷ್ಟು ಎಂಬ ಮಾತು ಬರುವ ಹೊತ್ತಿಗೆ ಸರಿಯಾಗಿ ಶಾಲೆಯ ಟೀಚರು ಮೈಕಿನ ಮುಂದೆ ಬಂದು ನಿಂತರೆ ಯಾರಿಗೂ ಹಿತವಾಗುವುದಿಲ್ಲ. ಇದು ನನಗೂ ಗೊತ್ತು. ಅಧ್ಯಕ್ಷರು ಹತ್ತು ನಿಮಿಷ ಕೊಟ್ಟಿದ್ದಾರೆ. ಅಷ್ಟರಲ್ಲಿ ಮುಗಿಸುವ ಪ್ರಯತ್ನ ಮಾಡುತ್ತೇನೆ.

ನಾನು ಇಲ್ಲಿಗೆ ಏಕೆ ಬಂದೆ ಎಂಬುದನ್ನು ಮೊದಲು ಹೇಳಬೇಕು. ಕಳೆದ ವರ್ಷ ನಮ್ಮ ಶಾಲೆಯಲ್ಲಿ ನಾಲ್ಕು ಬಾರಿ ಪೋಷಕರ ಸಭೆ ಕರೆದೆವು. ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದೆವು. ಒಂದು ಸಭೆಗೂ ಹತ್ತು ಜನರ ಮೇಲೆ ಬರಲಿಲ್ಲ. ಬಂದವರೂ ಅರ್ಧಕ್ಕೆ ಎದ್ದು ಹೋದರು. ಈ ಊರಿನವರಿಗೆ ಮಕ್ಕಳ ಓದಿನ ಮೇಲೆ ಆಸಕ್ತಿಯೇ ಇಲ್ಲ ಎಂದು ನಾನು ಸಹ ಶಿಕ್ಷಕರ ಮುಂದೆ ಬೇಸರದಿಂದ ಆಡಿದ್ದುಂಟು. ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿ ದಾರಿಯಲ್ಲಿ ಸಿಕ್ಕರು. ಸಭೆಗೆ ಏಕೆ ಬರಲಿಲ್ಲ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಆಕೆ ನಕ್ಕು, "ಮೇಡಮ್ಮೋರೆ, ನೀವು ಸಭೆ ಕರೆಯೋ ಹೊತ್ತೂ ನಾವು ಹಾಲು ಕರೆಯೋ ಹೊತ್ತೂ ಒಂದೇ. ನೀವಾದ್ರೆ ನಾಳೆಗೆ ಮುಂದಾಕ್ತೀರಿ, ಹಸ ಕೇಳ್ತದಾ?" ಎಂದರು.

ನನಗೆ ನಾಚಿಕೆಯಾಯಿತು. ಶಾಲೆ ಬಿಟ್ಟ ಮೇಲೆ ನಾಲ್ಕೂವರೆಗೆ ಸಭೆ ಇಟ್ಟರೆ ನಮಗೆ ಅನುಕೂಲ, ಪಾಠ ಕೆಡುವುದಿಲ್ಲ. ಆದರೆ ಸಂಜೆ ನಾಲ್ಕೂವರೆಗೆ ಈ ಊರಿನ ಯಾವ ತಾಯಿಯ ಕೈ ಬಿಡುವಾಗಿರುತ್ತದೆ? ಹಿಂಡಿ ನೆನೆಸಬೇಕು, ಕೊಟ್ಟಿಗೆ ಗುಡಿಸಬೇಕು, ಕೆಚ್ಚಲು ತೊಳೆದು ಹಾಲು ಕರೆದು ಡೇರಿ ಬಾಗಿಲು ಹಾಕುವುದರೊಳಗೆ ಕ್ಯಾನು ತಲುಪಿಸಬೇಕು. ಊರಿನ ಗಡಿಯಾರ ಡೇರಿಯಲ್ಲಿದೆ. ನಾವು ಶಾಲೆಯ ಗಡಿಯಾರ ನೋಡಿಕೊಂಡು ನಿಮ್ಮನ್ನು ದೂರುತ್ತಿದ್ದೆವು.

ಆದ್ದರಿಂದ ಮೊದಲ ಸುದ್ದಿ ಇದು. ಇನ್ನು ಮುಂದೆ ಪೋಷಕರ ಸಭೆ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಡೆಯುತ್ತದೆ. ಶನಿವಾರ ನಮ್ಮದು ಬೆಳಗಿನ ಶಾಲೆ, ಮಕ್ಕಳೂ ಇರುತ್ತಾರೆ, ನಿಮ್ಮ ಹಾಲೂ ಡೇರಿಗೆ ಹೋಗಿರುತ್ತದೆ. ಎಸ್.ಡಿ.ಎಂ.ಸಿ. ಸಭೆಯೂ ಅದೇ ಹೊತ್ತಿಗೆ. ಈ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ನಮ್ಮ ರಾಜ್ಯದಲ್ಲಿ 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ತಂದೆ ತಾಯಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಹೆಸರಿಗೆ ನಮ್ಮಲ್ಲೂ ಇದ್ದಾರೆ. ಆದರೆ ಕೆಲವು ಅಕ್ಕಂದಿರ ಸಹಿ ಮಾತ್ರ ಪುಸ್ತಕಕ್ಕೆ ಬರುತ್ತದೆ, ಅದೂ ಯಜಮಾನರ ಕೈಯಲ್ಲಿ. ಡೇರಿಯಲ್ಲಿ ಫ್ಯಾಟು ಒಂದು ಪಾಯಿಂಟು ಕಡಿಮೆ ಬಂದರೆ ಪರೀಕ್ಷಕರನ್ನು ನಿಲ್ಲಿಸಿ ಕೇಳುವ ಹೆಂಗಸರು ನೀವು. ಶಾಲೆಗೆ ಬಂದೂ ಹಾಗೆಯೇ ಕೇಳಿರಿ. ನಾನು ತಪ್ಪು ತಿಳಿಯುವುದಿಲ್ಲ.

ಎರಡನೆಯದು ಹಾಲಿನ ವಿಷಯ. ಹಾಲಿನವರ ಮುಂದೆ ಹಾಲಿನ ಮಾತು ಆಡುವುದು ಧೈರ್ಯದ ಕೆಲಸವೇ. ಆದರೂ ಹೇಳುತ್ತೇನೆ.

ಸರ್ಕಾರದ ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಪ್ರಾರಂಭವಾಯಿತು. ಮೊದಲು ವಾರಕ್ಕೆ ಮೂರು ದಿನ ಇದ್ದದ್ದು 2017ರಿಂದ ಐದು ದಿನವಾಯಿತು. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿ. ಅದನ್ನು ಬಿಸಿನೀರಿನಲ್ಲಿ ಕದಡಿ, ಸಕ್ಕರೆ ಹಾಕಿ, 150 ಮಿಲಿ ಲೀಟರ್ ಹಾಲು ಮಾಡಿ ಕೊಡುತ್ತೇವೆ. 2024ರಿಂದ ವಾರಕ್ಕೆ ಮೂರು ದಿನ ಇದಕ್ಕೆ ರಾಗಿ ಮಾಲ್ಟ್ ಬೆರೆಸುವ ಕ್ರಮವೂ ಬಂದಿದೆ. ಈ ಪುಡಿ ಎಲ್ಲಿಂದಲೋ ಬಂದದ್ದಲ್ಲ. ನೀವು ಇಲ್ಲಿ ಹಾಕಿದ ಹಾಲು ಶೀತಲೀಕರಣಕ್ಕೆ ಹೋಗಿ, ಒಕ್ಕೂಟದ ಡೇರಿಗೆ ಹೋಗಿ, ಮಾರಾಟವಾಗಿ ಉಳಿದದ್ದು ಪುಡಿಯಾಗಿ, ಮಹಾಮಂಡಳಿಯ ಮೂಲಕ ಚೀಲದಲ್ಲಿ ಮತ್ತೆ ಹಳ್ಳಿಯ ಶಾಲೆಗಳಿಗೆ ಬರುತ್ತದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಲೋಟ ಹಿಡಿದುಕೊಂಡು, "ಮಿಸ್, ಇದು ನಮ್ಮ ಗೌರಿ ಹಾಲಾ?" ಎಂದು ಕೇಳಿದಳು. ಗೌರಿ ಎಂದರೆ ಅವರ ಮನೆಯ ಸೀಮೆಹಸು. ಅದರಲ್ಲಿ ಗೌರಿಯದೂ ಒಂದು ತೊಟ್ಟು ಇರಬಹುದು ಎಂದೆ. ಆ ದಿನ ಅವಳು ಲೋಟ ತಿರುಗಿಸಿ ಕೊನೆಯ ಹನಿಯವರೆಗೆ ಕುಡಿದಳು.

ಆಗ ನನಗೆ ಒಂದು ಯೋಚನೆ ಬಂತು. ಇವತ್ತು ಬೆಳಿಗ್ಗೆ ಮನೆಯಲ್ಲಿ ಹಾಲು ಕುಡಿದು ಬಂದವರು ಕೈ ಎತ್ತಿ ಎಂದೆ. ಬೆರಳೆಣಿಕೆಯಷ್ಟು ಕೈಗಳು ಎದ್ದವು. ಉಳಿದವರೆಲ್ಲ ಟೀ ಕುಡಿದು ಬಂದಿದ್ದರು. ಅದರಲ್ಲಿ ಕೆಲವರದು ಹಾಲಿಲ್ಲದ ಟೀ. ಇವರೆಲ್ಲ ದಿನಕ್ಕೆ ಎಂಟು ಲೀಟರು, ಹತ್ತು ಲೀಟರು ಡೇರಿಗೆ ಹಾಕುವವರ ಮನೆಯ ಮಕ್ಕಳು. ಒಂದು ಮಗು, "ನಮ್ಮನೇಲಿ ಹಾಲೆಲ್ಲಾ ಡೇರಿದು ಮಿಸ್" ಎಂದಿತು.

ನಾನು ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಹಸುವಿನ ಸಾಲ, ಬೂಸಾ ಹಿಂಡಿಯ ಬೆಲೆ, ವೈದ್ಯರ ಖರ್ಚು, ಬೇಸಿಗೆಯಲ್ಲಿ ಮೇವು ಕೊಳ್ಳುವ ಪಾಡು ನನಗೆ ತಿಳಿಯದ್ದಲ್ಲ. ನಮ್ಮ ತವರಿನಲ್ಲೂ ಹಸುಗಳಿದ್ದವು, ನಮ್ಮಮ್ಮನೂ ಕ್ಯಾನಿಗೆ ಮೊದಲು ಸುರಿದು ಪಾತ್ರೆ ತೊಳೆದ ನೀರಿನಂಥದ್ದನ್ನು ನಮಗೆ ಕಾಯಿಸಿ ಕೊಡುತ್ತಿದ್ದರು. ನನ್ನ ಬೇಡಿಕೆ ಚಿಕ್ಕದು. ಕ್ಯಾನಿಗೆ ಸುರಿಯುವ ಮುಂಚೆ ಮಗುವಿಗೊಂದು ಲೋಟ ತೆಗೆದಿಡಿ. ಅಳೆದು ಉಳಿದದ್ದರಲ್ಲಿ ಅಲ್ಲ, ಅಳೆಯುವ ಮುಂಚೆ. ಮುಖ್ಯವಾಗಿ ಶನಿವಾರ, ಭಾನುವಾರ ಮತ್ತು ಈಗ ಬರುವ ದಸರಾ ರಜೆಯಲ್ಲಿ. ಆ ದಿನಗಳಲ್ಲಿ ಶಾಲೆಯ ಲೋಟ ಇರುವುದಿಲ್ಲ. ಕರುವಿಗೆ ಒಂದು ಮೊಲೆ ಬಿಡುವ ಪದ್ಧತಿ ನಿಮ್ಮಲ್ಲಿ ಇದ್ದೇ ಇದೆಯಲ್ಲ.

ಇನ್ನೊಂದು ಮಾತು ಕಾರ್ಯದರ್ಶಿಗಳಿಗೆ ಸಂಬಂಧಿಸಿದ್ದು. ನಾಲ್ಕನೇ ತರಗತಿಯ ಒಬ್ಬ ಹುಡುಗ ದಿನವೂ ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದ. ಬಂದವನು ಎರಡನೇ ಪೀರಿಯಡ್ಡಿಗೇ ತೂಕಡಿಸುತ್ತಿದ್ದ. ನಾನು ಒಂದೆರಡು ದಿನ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಅದು ತಪ್ಪು, ಈಗ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ಆಮೇಲೆ ಒಂದು ದಿನ ಬೇಗ ಬಂದವಳು ಡೇರಿಯ ಮುಂದೆ ಹಾದು ಹೋಗುತ್ತಿದ್ದೆ. ಅವನು ಸಾಲಿನಲ್ಲಿ ಕೊನೆಗೆ ನಿಂತಿದ್ದ. ತೋಟದ ಮನೆಯಿಂದ ಕ್ಯಾನು ಹೊತ್ತು ನಡೆದು ಬಂದಿದ್ದಾನೆ, ಮುಂದೆ ಇರುವವರೆಲ್ಲ ದೊಡ್ಡವರು, ಮಾತಾಡುತ್ತಾ ಒಬ್ಬರ ಹಿಂದೆ ಒಬ್ಬರು ಅವನನ್ನು ದಾಟಿ ಹೋಗುತ್ತಿದ್ದಾರೆ. ಹಾಲು ಅಳೆಸಿ, ಖಾಲಿ ಕ್ಯಾನು ವಾಪಸು ಮನೆಗೆ ಮುಟ್ಟಿಸಿ, ಸ್ನಾನ ಊಟ ಮಾಡಿ ಅವನು ಶಾಲೆಗೆ ಬರಬೇಕು. ಅವನ ತಂದೆಗೆ ಸೊಂಟ ನೋವು, ತಾಯಿ ಬೆಳಿಗ್ಗೆಯೇ ಕೂಲಿಗೆ ಹೋಗುತ್ತಾರೆ. ಹಾಲು ತರಬೇಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಸಂಘದಲ್ಲಿ ನನ್ನ ವಿನಂತಿ: ಬೆಳಗಿನ ಸಾಲಿನಲ್ಲಿ ಶಾಲೆಯ ಮಗು ಕ್ಯಾನು ಹಿಡಿದು ನಿಂತಿದ್ದರೆ ಅದರ ಹಾಲನ್ನು ಮೊದಲು ಅಳೆದು, ಚೀಟಿ ಕೊಟ್ಟು ಕಳಿಸಿ. ಇದಕ್ಕೆ ಸರ್ಕಾರದ ಆದೇಶ ಬೇಡ, ಹಣವೂ ಬೇಡ. ಸಾಧ್ಯವಿರುವ ಮನೆಗಳಲ್ಲಿ ದೊಡ್ಡವರೇ ತಂದರೆ ಇನ್ನೂ ಒಳ್ಳೆಯದು. ಬೈಕು ಮನೆಯ ಮುಂದೆ ನಿಂತಿದ್ದೂ ಹುಡುಗ ನಡೆದು ಬರುವ ಉದಾಹರಣೆಯೂ ನನ್ನ ಬಳಿ ಇದೆ. ಹೆಸರು ಹೇಳುವುದಿಲ್ಲ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಈಗ ನಾನು ನಿಜವಾಗಿ ಹೇಳಲು ಬಂದ ವಿಷಯ. ನಮ್ಮ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಈ ವರ್ಷ 64 ಮಕ್ಕಳಿದ್ದಾರೆ. ಶಿಕ್ಷಕರು ನನ್ನನ್ನೂ ಸೇರಿ ಮೂವರು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಏಪ್ರಿಲಿನಲ್ಲಿ ಐದನೇ ತರಗತಿಯ 8 ಮಕ್ಕಳು ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ಉಳಿಯುವವರು 56. ಮುಂದಿನ ಜೂನಿನಲ್ಲಿ ಒಂದನೇ ತರಗತಿಗೆ ಕನಿಷ್ಠ 5 ಮಕ್ಕಳು ಸೇರಿದರೆ 61 ಆಗುತ್ತದೆ, ಮೂರನೇ ಶಿಕ್ಷಕರು ಉಳಿಯುತ್ತಾರೆ. ನಾಲ್ಕೇ ಸೇರಿದರೆ ಒಬ್ಬರನ್ನು ಹೆಚ್ಚುವರಿ ಎಂದು ಗುರುತಿಸಿ ಬೇರೆಡೆಗೆ ಹಾಕಬಹುದು. ಆಗ ಒಬ್ಬರು ಒಂದರಿಂದ ಮೂರು, ಇನ್ನೊಬ್ಬರು ನಾಲ್ಕು ಐದು. ನಾನು ತರಬೇತಿಗೋ ಕಚೇರಿಗೋ ಹೋದ ದಿನ ಐದೂ ತರಗತಿ ಒಬ್ಬರ ಮೇಲೆ. ಪಾಠ ಕಡಿಮೆಯಾದರೆ ಮತ್ತಷ್ಟು ಮಕ್ಕಳು ಬಿಡುತ್ತಾರೆ. ಹಾಲು ಕಡಿಮೆಯಾದ ಊರಿಗೆ ವಾಹನ ಬರುವುದು ನಿಂತು, ವಾಹನ ನಿಂತದ್ದರಿಂದ ಇದ್ದ ಹಾಲೂ ಖಾಸಗಿಯವರ ಪಾಲಾದ ಕಥೆ ಈ ಸಭೆಯಲ್ಲಿ ಕುಳಿತ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಂಗನವಾಡಿಯ ಪುಸ್ತಕ ನೋಡಿದೆ. ಬರುವ ವರ್ಷ ಒಂದನೇ ತರಗತಿಗೆ ವಯಸ್ಸಾಗುವ 11 ಮಕ್ಕಳು ನಮ್ಮೂರಿನಲ್ಲಿದ್ದಾರೆ. ಹಳದಿ ವ್ಯಾನು ಬಂದು ಕರೆದುಕೊಂಡು ಹೋಗುವ ಶಾಲೆಯ ಬಗ್ಗೆ ನಾನು ಕೆಟ್ಟ ಮಾತು ಆಡುವುದಿಲ್ಲ. ಯಾರ ಮಗು ಎಲ್ಲಿ ಓದಬೇಕೆಂಬುದು ಅವರವರ ತೀರ್ಮಾನ. ಇಂಗ್ಲಿಷ್ ಬೇಕೆಂದು ನೀವು ಕೇಳುವುದೂ ಸರಿಯೇ, ನಮ್ಮಲ್ಲಿ ಅದು ಇನ್ನೂ ಸಾಲದು. ಆದರೆ ನೋಡದೆಯೇ ತೀರ್ಮಾನ ಮಾಡಬೇಡಿ. ಒಬ್ಬ ತಂದೆ ಬಂದು, "ನಿಮ್ಮ ಸ್ಕೂಲಲ್ಲಿ ಬರೀ ಹಾಡು, ಕುಣಿತ, ಓದು ಎಲ್ಲಿದೆ?" ಎಂದರು. ಅದು ನಲಿಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾದ ಪದ್ಧತಿ. ಮಕ್ಕಳು ಕಾರ್ಡು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆ ತಂದೆಯನ್ನು ಕೂರಿಸಿ, ಅವರ ಮಗನಿಂದಲೇ ಡೇರಿಯ ಹಾಲಿನ ಚೀಟಿ ಓದಿಸಿದೆ. ದಿನಾಂಕ, ಲೀಟರು, ಫ್ಯಾಟು, ದರ, ಎಲ್ಲವನ್ನೂ ಓದಿದ. ಹುಡುಗ ಇರುವುದು ಎರಡನೇ ತರಗತಿ. ತಂದೆ ಮಾತಾಡಲಿಲ್ಲ, ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಉಳಿದ ಸುದ್ದಿಗಳನ್ನು ಬೇಗ ಹೇಳುತ್ತೇನೆ. ಅಕ್ಟೋಬರ್ 2ರಂದು ಗಾಂಧಿ ಜಯಂತಿ, ಬೆಳಿಗ್ಗೆ ಶಾಲೆಯ ಅಂಗಳ ಸ್ವಚ್ಛ ಮಾಡುವುದಿದೆ, ಕುಡುಗೋಲು ಇದ್ದವರು ತನ್ನಿ, ಹಿಂಭಾಗದಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಮಕ್ಕಳ ಮೆರವಣಿಗೆ ಡೇರಿಯ ಮುಂದೆಯೇ ಹಾದು ಬರುತ್ತದೆ. ಪ್ರತಿಭಾ ಕಾರಂಜಿಗೆ ನಮ್ಮ ಶಾಲೆಯಿಂದ ಜನಪದ ಗೀತೆಗೆ, ಕಂಠಪಾಠಕ್ಕೆ ಮಕ್ಕಳು ತಯಾರಾಗುತ್ತಿದ್ದಾರೆ. ಸೋಬಾನೆ ಪದ ಬಲ್ಲ ಅಜ್ಜಿಯರು ಯಾರಾದರೂ ವಾರಕ್ಕೊಂದು ಮಧ್ಯಾಹ್ನ ಬಂದು ಹೇಳಿಕೊಟ್ಟರೆ ನಮಗೆ ದೊಡ್ಡ ಉಪಕಾರ. ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ಆಟೋಟವಿದೆ, ತಾಯಂದಿರಿಗೂ ಹಗ್ಗ ಜಗ್ಗಾಟ. ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ಕರೆದಾಗ ಮಕ್ಕಳನ್ನು ಕಳಿಸಿ. ಶೌಚಾಲಯದ ನೀರಿನ ಪೈಪಿನ ವಿಷಯವನ್ನು ನಾವು ಹೇಳುವುದಕ್ಕಿಂತ ಅವರೇ ಹೇಳಿದರೆ ಬೇಗ ಆಗುತ್ತದೆ.

ನವೆಂಬರ್ 26 ನಿಮಗೂ ನಮಗೂ ಸೇರಿದ ದಿನ. 1921ರಲ್ಲಿ ಅದೇ ದಿನ ಡಾ. ವರ್ಗೀಸ್ ಕುರಿಯನ್ ಹುಟ್ಟಿದರು. 2014ರಿಂದ ಅದನ್ನು ರಾಷ್ಟ್ರೀಯ ಹಾಲು ದಿನವೆಂದು ಆಚರಿಸುತ್ತಾರೆ. ಆ ದಿನ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳನ್ನು ಡೇರಿಗೆ ಕರೆತರುತ್ತೇವೆ, ಕಾರ್ಯದರ್ಶಿಗಳು ಆಗಲೇ ಒಪ್ಪಿದ್ದಾರೆ. ಲ್ಯಾಕ್ಟೋಮೀಟರು ಹಾಲಿನಲ್ಲಿ ಎಷ್ಟು ಮುಳುಗುತ್ತದೆ, ನೀರು ಬೆರೆಸಿದರೆ ಏಕೆ ಇನ್ನೂ ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ಕಣ್ಣಾರೆ ನೋಡಲಿ. ಮನೆಗೆ ಬಂದು ಅವರು ಏನಾದರೂ ಪ್ರಶ್ನೆ ಕೇಳಿದರೆ ನನ್ನನ್ನು ಬೈಯಬಾರದು.

ಫೆಬ್ರವರಿ 10ಕ್ಕೆ ಜಂತುಹುಳು ನಿವಾರಣೆಯ ಮಾತ್ರೆ ಕೊಡುವುದಿದೆ. ಹೋದ ಸಲ ಭಯಪಟ್ಟು ಕೆಲವರು ಆ ದಿನ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು. ಕರುವಿಗೆ ಜಂತಿನ ಔಷಧಿ ಕುಡಿಸುವ ದಿನವನ್ನು ಮರೆಯದವರು ನೀವು. ಇದೂ ಅಂಥದ್ದೇ. ಅಲ್ಬೆಂಡಜೋಲ್ ಮಾತ್ರೆ, ಜಗಿದು ತಿನ್ನಬೇಕು. ಆರೋಗ್ಯ ಇಲಾಖೆಯವರು ಕೊಡುತ್ತಾರೆ. ಅಂದು ಜ್ವರ ಇದ್ದ ಮಗುವಿಗೆ ಕೊಡುವುದಿಲ್ಲ, ಗುಣವಾದ ಮೇಲೆ ಕೊಡುತ್ತಾರೆ.

ಕಡೆಯದಾಗಿ, ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು ಹೆಸರು ಇರುವ ಮಕ್ಕಳ ಪಟ್ಟಿಯನ್ನು ಡೇರಿಯ ನೋಟೀಸು ಬೋರ್ಡಿಗೆ ಹಾಕಲು ಅಧ್ಯಕ್ಷರ ಅಪ್ಪಣೆ ಪಡೆದಿದ್ದೇನೆ. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಹೊತ್ತಿಗೆ ಈ ವ್ಯತ್ಯಾಸದಿಂದ ಓಡಾಟ ತಪ್ಪುವುದಿಲ್ಲ. ಹಾಲು ಹಾಕಲು ಬಂದಾಗ ಒಮ್ಮೆ ನೋಡಿಕೊಳ್ಳಿ.

ಹತ್ತು ನಿಮಿಷ ಮೀರಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬರುವ ಶನಿವಾರ ಒಂಬತ್ತೂವರೆಗೆ ಮೊದಲ ಸಭೆ. ಆ 11 ಮಕ್ಕಳ ತಂದೆ ತಾಯಂದಿರು, ಇನ್ನೂ ನಮ್ಮ ಶಾಲೆಗೆ ಸಂಬಂಧಪಡದಿದ್ದರೂ, ದಯವಿಟ್ಟು ಬನ್ನಿ, ಮಗುವನ್ನೂ ಕರೆತನ್ನಿ. ಅಂದಿನ ಟೀಗೆ ಎರಡು ಲೀಟರು ಹಾಲನ್ನು ನಾನೇ ದುಡ್ಡು ಕೊಟ್ಟು ಈ ಡೇರಿಯಿಂದಲೇ ಕೊಳ್ಳುತ್ತೇನೆ.