ಜಾದವ್‌ಪುರದ ಆಕಾಶದಲ್ಲಿ ಕಂಡ ಬೆಂಕಿ
(ಸಂಘದ ವಾರದ ಸಭೆಯಲ್ಲಿ ಆಡಿದ ಮಾತು)

ಮೊನ್ನೆ ರಾತ್ರಿ ಜಾದವ್‌ಪುರದಲ್ಲಿ ಹೋಟೆಲಿನ ಬಾಗಿಲೆಳೆದು, ಮುಸುರೆ ತೊಳೆದು ಹಿತ್ತಲಿನಲ್ಲಿ ನಿಂತಿದ್ದೆವು. ಹಸಿರು ಬೆರೆತ ಬೆಂಕಿಯುಂಡೆಯೊಂದು ರೈಲು ಹಳಿಯ ಕಡೆಗೆ ಓಡಿ, ಎರಡಾಗಿ ಸೀಳಿ ಆರಿಹೋಯಿತು. ನಾಲ್ಕು ಎಣಿಸುವಷ್ಟೂ ಹೊತ್ತಿಲ್ಲ. ಆದರೂ ಅಂಗಳದಲ್ಲಿ ನಮ್ಮ ನೆರಳು ಮೂಡಿತ್ತು.

ನೋಡಿದ್ದು ಇಷ್ಟೇ, ಆಮೇಲಿನ ಮಾತೇ ಹೆಚ್ಚು. ಕೊಳ್ಳಿ ಕಂಡರೆ ಮನೆಯ ಹಿರಿಯರಿಗೆ ಕೇಡು ಎಂದರು ಯಾರೋ. ಊರಿನಲ್ಲಿ ಕಾಯಿಲೆಯ ತಾಯಿಯಿರುವ ಹುಡುಗನೊಬ್ಬ ಬೆಳಗಾಗುವುದರೊಳಗೆ ಶಾಂತಿ ಮಾಡಿಸಲೆಂದು ಎರಡು ತಿಂಗಳ ಸಂಬಳ ಮುಂಗಡ ಕೇಳಲು ಗಲ್ಲಾದ ಮುಂದೆ ನಿಂತಿದ್ದ. ಮುಂಗಡವೆಂದರೇನೆಂದು ನಿಮಗೆ ಹೇಳಬೇಕೇ? ಅದು ತೀರುವತನಕ ರಜೆ ಕೇಳಲು ಬಾಯಿಲ್ಲ, ಕೆಲಸ ಬಿಡಲು ಕಾಲಿಲ್ಲ. ಅದೇ ದುಡ್ಡಿಗೆ ತಾಯಿಯ ಔಷಧಿ ಬಂದೀತು.

ಬಿದ್ದದ್ದು ನಕ್ಷತ್ರವಲ್ಲ, ಉಲ್ಕೆ. ಸೂರ್ಯನನ್ನು ಸುತ್ತುವ ಕಲ್ಲಿನ ಚೂರು ಸೆಕೆಂಡಿಗೆ 11 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಗಾಳಿಯೊಳಕ್ಕೆ ನುಗ್ಗುತ್ತದೆ. ಎದುರಿನ ಗಾಳಿ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ, ಕಲ್ಲು ಕರಗಿ ಉರಿಯುತ್ತದೆ. ಅದು ಯಾರ ಜಾತಕವನ್ನೂ ಕೇಳಿ ಬರುವುದಿಲ್ಲ. ಪಕ್ಕದ ಒಡಿಶಾದ ಕೇಂದ್ರಪಾಡಾದಲ್ಲಿ 2003ರ ಸೆಪ್ಟೆಂಬರ್ 27ರಂದು, ನಮ್ಮ ಹೊಸೂರಿನಾಚೆಯ ಶೂಲಗಿರಿಯಲ್ಲಿ 2008ರ ಸೆಪ್ಟೆಂಬರ್ 12ರಂದು ಇಂಥ ಕಲ್ಲುಗಳು ಬಿದ್ದವು. ಶೂಲಗಿರಿಯಲ್ಲಿ ಸಿಕ್ಕ ತುಂಡುಗಳದೇ ನೂರು ಕಿಲೋ ದಾಟಿದ ತೂಕ.

ಅಂಜಬೇಕಾದದ್ದು ಬೇರೆ ಇದೆ. ರಷ್ಯದ ಚೆಲ್ಯಾಬಿನ್‌ಸ್ಕ್‌ನಲ್ಲಿ 2013ರ ಫೆಬ್ರವರಿ 15ರ ಬೆಳಿಗ್ಗೆ ಸುಮಾರು ಮೂವತ್ತು ಕಿಲೋಮೀಟರ್ ಎತ್ತರದಲ್ಲಿ ದೊಡ್ಡ ಉಲ್ಕೆ ಸಿಡಿಯಿತು. ಬೆಳಕು ಕಂಡೊಡನೆ ಜನ ಕಿಟಕಿಗೆ ಮುಖವಿಟ್ಟರು. ಸದ್ದಿಗೆ ಕಿಲೋಮೀಟರಿಗೆ ಮೂರು ಸೆಕೆಂಡು ಬೇಕು. ಒಂದು ಕಾಫಿ ಬೆರೆಸುವಷ್ಟು ಹೊತ್ತಿನ ಮೇಲೆ ಹೊಡೆತ ಬಂತು, ಗಾಜು ಒಡೆಯಿತು. ಸುಮಾರು 1500 ಜನರಿಗೆ ಗಾಯ, ಹೆಚ್ಚಿನವರಿಗೆ ಗಾಜಿನಿಂದಲೇ. ರಾತ್ರಿ ಪಾಳಿಯ ಗಿರಣಿ ಸೋದರರೇ, ತಲೆಯ ಮೇಲೆ ಗಾಜಿನ ಮಾಡಿರುವವರು ನೀವು. ಭಾರಿ ಬೆಳಕು ಕಂಡರೆ ಗಾಜಿನಿಂದ ದೂರ ಸರಿಯಿರಿ.

ಕಲ್ಲು ಸಿಕ್ಕರೆ ಕುಂಕುಮ ಹಚ್ಚಿ ಕೂರಿಸಬೇಡಿ, ಮಾರಲೂ ಬೇಡಿ. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಮುಖ್ಯ ಕಚೇರಿ ಇದೇ ಕಲ್ಕತ್ತೆಯಲ್ಲಿದೆ, ಅಲ್ಲಿಗೆ ತಿಳಿಸಿ. ಬಿಹಾರದ ಶೆರ್ಘಾಟಿಯಲ್ಲಿ 1865ರಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದ್ದೆಂದು ವಿಜ್ಞಾನಿಗಳು ಬಹುಕಾಲದ ಮೇಲೆ ಕಂಡುಕೊಂಡರು. ಮಂಗಳ ದೋಷವೆಂದು ಮದುವೆ ನಿಲ್ಲಿಸುವವರಿಗೆ ಇದನ್ನೊಮ್ಮೆ ಹೇಳಿ ನೋಡಿ!

ಚೌರಂಗಿಯ ಇಂಡಿಯನ್ ಮ್ಯೂಸಿಯಂನಲ್ಲಿ, ಬಂಗಾಳಿಗಳು ಜಾದೂಘರ್ ಎನ್ನುವಲ್ಲಿ, ಉಲ್ಕಾಶಿಲೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಸೋಮವಾರ ಅದಕ್ಕೆ ರಜೆ. ಗಿರಣಿಯವರಿಗೆ ಭಾನುವಾರ, ಹೋಟೆಲಿನವರಿಗೆ ಮಂಗಳವಾರ ಮಧ್ಯಾಹ್ನದ ಬಿಡುವು ಅನುಕೂಲವಾದೀತು. ಬರುವವರು ಇಂದೇ ಹೆಸರು ಕೊಡಿ.